ತವರಿಗೆ ಹೋಗಿ ಬಂದ ಕೀಲಿ

ಖಾನಾಪುರ, ನವೆಂಬರ್ 2

ಇಂಗ್ಲೆಂಡಿಗೆ ಹೊರಟಿದ್ದೇನೆ ಎಂದು ಹೇಳಲು ಖಾನಾಪುರಕ್ಕೆ ಹೋದರೆ, ಅಜ್ಜಿ ಆಶೀರ್ವಾದಕ್ಕಿಂತ ಮೊದಲು ನನ್ನ ಕೈಗೆ ಒಂದು ಕೀಲಿ ಕೊಟ್ಟಳು. ನಮ್ಮ ಕಡೆ ಬೀಗಕ್ಕೆ ಕೀಲಿ ಅನ್ನುತ್ತೇವೆ, ಅದನ್ನು ತೆರೆಯುವುದು ಚಾವಿ. ಅಜ್ಜಿ ಕೊಟ್ಟದ್ದು ಅಂಗೈ ತುಂಬುವ ಕಬ್ಬಿಣದ ಕೀಲಿ. ಅದು ಮುಚ್ಚಿಕೊಂಡಿತ್ತು. ಅದರ ಕೊಂಡಿಯಲ್ಲಿ ಗರಗಸದಿಂದ ಕೊಯ್ದ ಚಿಲಕದ ತುಂಡೊಂದು ಇನ್ನೂ ಸಿಕ್ಕಿಕೊಂಡಿತ್ತು.

ಇದು ಅಜ್ಜಿಯ ಅಕ್ಕಿ ಕೋಣೆಯ ಕೀಲಿ. ಅವಳ ಮಾವ, ಬೆಳಗಾವಿ ಕ್ಯಾಂಪಿನಲ್ಲಿ ಸಾಹೇಬನೊಬ್ಬ ಮನೆ ಖಾಲಿ ಮಾಡುವಾಗ ಆದ ಲಿಲಾವಿನಲ್ಲಿ ಸವಾಲು ಕೂಗಿ ಹಿಡಿದು ತಂದದ್ದು. ನಾಲ್ಕು ಮಳೆಗಾಲದ ಹಿಂದೆ ಒಂದು ಬೆಳಿಗ್ಗೆ ಚಾವಿ ತಿರುಗಲಿಲ್ಲ. ಬಡಿಗೇರ ಬಂದು ಕೀಲಿ ಕೊಯ್ಯುತ್ತೇನೆ ಎಂದಾಗ ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. ಕೊನೆಗೆ ಅವನು ಕೀಲಿ ಬಿಟ್ಟು ಚಿಲಕ ಕೊಯ್ದ. ಆಮೇಲೆ ನಮ್ಮಪ್ಪ ಅದನ್ನು ಬೆಳಗಾವಿ ಪೇಟೆಯ ಚಾವಿ ಮಾಡುವವರಿಗೆ ತೋರಿಸಿದರು. ಎಲ್ಲರದೂ ಒಂದೇ ಮಾತು: ತಗಡಿಗೆ ರಿವೆಟ್ ಹೊಡೆದಿದ್ದಾರೆ, ಒಳಗೆ ನೋಡಬೇಕೆಂದರೆ ಕೊಯ್ಯಬೇಕು, ಕೊಯ್ದರೆ ಮತ್ತೆ ಕೂಡುವ ಖಾತ್ರಿ ಇಲ್ಲ.

ಹಾಗಾದರೆ ಕಪಾಟಿನಲ್ಲಿಟ್ಟು ಮರೆಯಬಹುದಿತ್ತು. ಆದರೆ ನಮ್ಮ ಮನೆಯಲ್ಲಿ ಒಂದು ರೂಢಿ ಇದೆ. ಅತ್ತೆಯ ಸೊಂಟದ ಚಾವಿ ಗೊಂಚಲು ಸೊಸೆಗೆ ಹೋಗುವುದು ಸೊಸೆ ಮನೆ ತುಂಬಿದ ದಿನವಲ್ಲ, ಅವಳು ತಾನೇ ಅತ್ತೆಯಾದ ದಿನ. ಕಾಕಾನ ಮಗ ಮಹೇಶನ ಮದುವೆ ಇದೇ ತಿಂಗಳ ಮೂವತ್ತಕ್ಕೆ. ಅಂದರೆ ಮರುದಿನ ಶಾರದಾ ಕಾಕಿ ಗೊಂಚಲಿಗೆ ಹಕ್ಕುದಾರಳು. ಕಾಕಿ ಈ ಮನೆಗೆ ಬಂದು ಮೂವತ್ತು ವರ್ಷ ಆಯಿತು. ಕೀಲಿ ಕೆಡುವವರೆಗೆ ಪ್ರತಿ ಬೆಳಿಗ್ಗೆ "ಅತ್ತಿ, ಅಕ್ಕಿ ತಗೀಲೇನ್ರಿ?" ಎಂದು ಕೇಳಿ, ಚಾವಿ ಇಸಿದುಕೊಂಡು, ಅಳೆದು, ಚಾವಿ ವಾಪಸು ಕೊಟ್ಟಿದ್ದಾಳೆ.

ಅಜ್ಜಿಯ ತಕರಾರು ಇಷ್ಟೇ. ಗೊಂಚಲಿನ ದೊಡ್ಡ ಚಾವಿ ಈ ಕೀಲಿಯದು, ಕೀಲಿ ತೆರೆಯುತ್ತಿಲ್ಲ. "ತೆರೀಲಾರದ ಚಾವಿ ಸೊಸಿ ಕೈಯಾಗ ಇಡಬಾರದವಾ," ಎಂದಳು. "ಅದು ಒಂದು ಸುಳ್ಳು ಕೊಟ್ಟಂಗ ಆಕ್ಕೈತಿ."

ಅಡುಗೆಮನೆಯಿಂದ ಕಾಕಾ, ಅವ್ವನಿಗೆ ಗೊಂಚಲು ಬಿಡುವ ಮನಸ್ಸಿಲ್ಲ, ಕೀಲಿ ಒಂದು ನೆವ ಅಂದರು. ಕಾಕಿ ನಕ್ಕಳು, ಆದರೆ ರೊಟ್ಟಿ ಬಡಿಯುವ ಸದ್ದು ಒಂದಿಷ್ಟು ಜೋರಾಯಿತು.

ಕೀಲಿಯ ಮೇಲೆ ಅರ್ಧ ಸವೆದ ಇಂಗ್ಲಿಷ್ ಅಕ್ಷರಗಳಿದ್ದವು. ಭೂತಗನ್ನಡಿ ಹಿಡಿದು ಓದಿದೆ: ವಿಲನ್‌ಹಾಲ್. ಹುಡುಕಿದರೆ, ನಾನು ಹೋಗುವ ಬರ್ಮಿಂಗ್‌ಹ್ಯಾಮಿನಿಂದ ಬಸ್ಸಿನ ದಾರಿಯಲ್ಲಿರುವ ಸಣ್ಣ ಊರು. ಒಂದು ಕಾಲಕ್ಕೆ ಇಡೀ ಊರೇ ಬೀಗ ಮಾಡುತ್ತಿತ್ತಂತೆ. ಇದನ್ನು ಹೇಳಿದ್ದೇ ತಡ, ಅಜ್ಜಿ ನಮ್ಮ ಕಡೆಯ ಸಿಹಿ ಕುಂದಾ ಒಂದು ಡಬ್ಬಿ ತರಿಸಲು ಮಹೇಶನನ್ನು ಪೇಟೆಗೆ ಓಡಿಸಿದಳು. ಕೀಲಿ ತವರಿಗೆ ಹೊರಟಿದೆ, ಬರಿಗೈಯಲ್ಲಿ ಕಳಿಸಬಾರದು ಎಂದು. ಗೊಂಚಲಿನಿಂದ ದೊಡ್ಡ ಚಾವಿಯನ್ನೂ ಬಿಚ್ಚಿ ಕೊಟ್ಟಳು.

ಸಾಂಬ್ರಾ, ನವೆಂಬರ್ 8

ನಾನು ಬೆಳಗಾವಿ ಉದ್ಯಮಬಾಗದ ಒಂದು ಎರಕದ ಕಾರ್ಖಾನೆಯಲ್ಲಿ ಮಾಲು ತಪಾಸಣೆ ಮಾಡುವವಳು. ದಿನವಿಡೀ ಅಳೆಯುವುದು, ತಾರೀಖು ಹಾಕುವುದು, ಬರೆದಿಡುವುದು. ಹೊಸ ಅಳತೆಯಂತ್ರ ಕಲಿತು ಬಾ ಎಂದು ಕಾರ್ಖಾನೆ ನನ್ನನ್ನು ಎರಡು ವಾರಕ್ಕೆ ಕಳಿಸುತ್ತಿತ್ತು. ಮಾಲು ತಪಾಸಣೆ ಮಾಡುವವಳನ್ನೇ ತಪಾಸಣೆ ಮಾಡುವ ಗಳಿಗೆ ಸಾಂಬ್ರಾ ವಿಮಾನ ನಿಲ್ದಾಣದಲ್ಲಿ ಬಂತು.

ಭಾರ ಹೆಚ್ಚಾಯಿತೆಂದು ಕೀಲಿಯನ್ನು ಕೈಚೀಲದಲ್ಲಿ ಇಟ್ಟುಕೊಂಡಿದ್ದೆ. ಯಂತ್ರದ ಪರದೆಯ ಮೇಲೆ ಅದು ಕರ್ರಗೆ ಕುಳಿತಿತ್ತು. ಚೀಲ ತೆರೆಸಿದ ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಕೀಲಿ ತೆರೆದು ತೋರಿಸಿ ಎಂದರು.

"ತೆರೆಯಂಗಿಲ್ರಿ ಸರ್."

"ಚಾವಿ ಇಲ್ಲೇನ್ರಿ?"

"ಐತ್ರಿ. ಚಾವಿ ಐತಿ, ತೆರೆಯಂಗಿಲ್ಲ."

"ಮತ್ತ ಯಾಕ ಒಯ್ಯಾಕತ್ತೀರಿ?"

"ತೆರಸಾಕ್ರಿ."

ಅವರು ಚಾವಿ ಹಾಕಿ ತಾವೇ ಒಂದು ಸಲ ತಿರುಗಿಸಿದರು. ಆಮೇಲೆ ಬಾಜು ನಿಂತ ಇನ್ನೊಬ್ಬರು ತಿರುಗಿಸಿದರು. ನನ್ನ ಹಿಂದೆ ಸರದಿಯಲ್ಲಿದ್ದ ಪಂಚೆಯ ಹಿರಿಯರು, ಕೊಡ್ರಿ ನೋಡೂಣು ಎಂದು ಕೈ ಚಾಚಿದರು. ಕೀಲಿ ಯಾರಿಗೂ ಒಲಿಯಲಿಲ್ಲ. ಕೊನೆಗೆ ಅದು ಸಾಮಾನಿನ ಪೆಟ್ಟಿಗೆ ಸೇರಿತು, ಅದಕ್ಕೆ ಜಾಗ ಮಾಡಲು ನನ್ನ ಎರಡು ಸ್ವೆಟರ್ ಮೈಮೇಲೆ ಬಂದವು. ಕುಂದಾಕ್ಕೆ ಯಾರೂ ಏನೂ ಅನ್ನಲಿಲ್ಲ.

ಬರ್ಮಿಂಗ್‌ಹ್ಯಾಮ್, ನವೆಂಬರ್ 9

ಬಂದ ಮೊದಲ ದಿನವೇ ನಾನು ಮನೆಯ ಹೊರಗೆ ಸಿಕ್ಕಿಬಿದ್ದೆ. ಕಸದ ಚೀಲ ಇಡಲು ಚಪ್ಪಲಿಯಲ್ಲಿ ಹೊರಗೆ ಬಂದೆ, ಗಾಳಿಗೆ ಬಾಗಿಲು ಎಳೆದುಕೊಂಡಿತು, ಅಷ್ಟೇ. ಚಾವಿ ಒಳಗೆ, ಫೋನ್ ಒಳಗೆ, ನಾನು ಹೊರಗೆ, ಚಳಿ ಎಲ್ಲ ಕಡೆ. ಬೆಳಗಾವಿ ಹಿಂದವಾಡಿಯ ನಮ್ಮ ಮನೆಯ ಬಾಗಿಲು ನಾವು ಹಾಕಿದರೆ ಮಾತ್ರ ಹಾಕಿಕೊಳ್ಳುತ್ತದೆ. ಇಲ್ಲಿನ ಬಾಗಿಲುಗಳಿಗೆ ಸ್ವಂತ ಬುದ್ಧಿ.

ಎದುರುಮನೆಯ ಹೆಂಗಸು ಕಿಟಕಿಯಿಂದ ನೋಡಿ, ಏನೂ ಕೇಳದೆ, ತನ್ನ ಗೋಡೆಯ ಮೊಳೆಯಿಂದ ಒಂದು ಚಾವಿ ತೆಗೆದುಕೊಂಡು ಬಂದಳು. ನಾನಿದ್ದ ಮನೆಯ ಒಡತಿ ಈ ಎದುರುಮನೆಯವಳ ಹತ್ತಿರ ಒಂದು ಚಾವಿ ಇಟ್ಟಿರುತ್ತಾಳಂತೆ, ಎದುರುಮನೆಯ ಚಾವಿ ಒಡತಿಯ ಹತ್ತಿರ. ಖಾನಾಪುರದಲ್ಲಿಯೂ ಹೀಗೇ. ಜಾತ್ರೆಗೆ ಹೊರಟವರು ಬಾಜು ಮನೆಗೆ ಚಾವಿ ಕೊಟ್ಟು, ಬೆಕ್ಕಿಗೆ ಹಾಲು ಹಾಕ್ರಿ ಅನ್ನುತ್ತಾರೆ. ಇಷ್ಟು ದೂರ ಬಂದು, ಇಷ್ಟು ಬುದ್ಧಿಯ ಬಾಗಿಲು ಮಾಡಿ, ಕೊನೆಗೆ ನೆಚ್ಚಿದ್ದು ಬಾಜು ಮನೆಯವರನ್ನೇ.

ದಿನದ ಕೊನೆಗೆ ಒಂದು ಲೆಕ್ಕ ಬರೆಯುವುದು ನನ್ನ ಚಟ. ಇವತ್ತಿನದು: ನನ್ನ ಹತ್ತಿರ ಕ್ಷಮೆ ಕೇಳಿದವರು ಹನ್ನೊಂದು ಮಂದಿ. ಅದರಲ್ಲಿ ತಪ್ಪು ನನ್ನದೇ ಆಗಿದ್ದು ಒಂಬತ್ತು ಸಲ.

ವಿಲನ್‌ಹಾಲ್, ನವೆಂಬರ್ 15

ವಾರವೆಲ್ಲ ಕಾರ್ಖಾನೆ. ಶನಿವಾರ ಕೀಲಿಯನ್ನೂ ಕುಂದಾದ ಡಬ್ಬಿಯನ್ನೂ ಹೊತ್ತು ಬಸ್ಸು ಹತ್ತಿದೆ. ಇಲ್ಲಿ ಇಳಿಯುವವರೆಲ್ಲ ಚಾಲಕನಿಗೆ ಥ್ಯಾಂಕ್ಯೂ ಹೇಳಿಯೇ ಇಳಿಯುತ್ತಾರೆ. ನಾನು ಅಭ್ಯಾಸ ಬಲದಿಂದ ಎರಡು ನಿಲ್ದಾಣ ಮೊದಲೇ ಎದ್ದು ಬಾಗಿಲಲ್ಲಿ ನಿಂತೆ. ಖಾನಾಪುರದ ಬಸ್ಸಿನಲ್ಲಿ ಹಾಗೆ ನಿಲ್ಲದಿದ್ದರೆ ಮುಂದಿನ ಊರೇ ಗತಿ. ಚಾಲಕ ಗಾಬರಿಯಾಗಿ, ಆರಾಮ ಇದ್ದೀರಾ ಎಂದು ಕೇಳಿದ.

ವಿಲನ್‌ಹಾಲ್ ಕೆಂಪು ಇಟ್ಟಿಗೆಯ, ಸಣ್ಣ ಸಂತೆಯ, ಮೋಡ ಕವಿದ ಊರು. ಹಳೆಯ ಬೀಗಗಾರರ ಮನೆಯೊಂದನ್ನು ಇದ್ದಂತೆಯೇ ಉಳಿಸಿ ನೋಡುವವರಿಗೆ ತೆರೆದಿದ್ದಾರೆ. ಮುಂದೆ ವಾಸದ ಕೋಣೆ, ಹಿಂದೆ ಅಂಗಳ, ಅಂಗಳದಾಚೆ ಕುಲುಮೆ ಮತ್ತು ಅರ ಹಾಕಿ ಕಬ್ಬಿಣ ಉಜ್ಜುವ ಕಟ್ಟೆ. ತೋರಿಸುವವರು ಕೆನ್ ಎಂಬ ಎಪ್ಪತ್ತು ದಾಟಿದ ಹಿರಿಯರು. ಬೀಗದ ಕಾರ್ಖಾನೆಯಲ್ಲೇ ದುಡಿದು ನಿವೃತ್ತರಾದವರು. ಮೊದಲ ಮಾತಿಗೇ ನನ್ನನ್ನು "ಬ್ಯಾಬ್" ಎಂದರು. ಆ ಕಡೆ ಹೆಣ್ಣುಮಕ್ಕಳನ್ನು ಹಾಗೆ ಕರೆಯುತ್ತಾರಂತೆ, ನಮ್ಮವರು ಗುರುತಿಲ್ಲದವರನ್ನೂ "ತಂಗಿ" ಅನ್ನುವ ಹಾಗೆ.

ಈ ಊರಿನ ಬೀಗಗಾರರು ಚಿಕ್ಕಂದಿನಿಂದ ಕಟ್ಟೆಯ ಮೇಲೆ ಬಾಗಿ ಅರ ಹಾಕಿ ಹಾಕಿ ಬೆನ್ನು ಗೂನಾಗುತ್ತಿತ್ತಂತೆ. ಎಷ್ಟು ಮಂದಿಗೆ ಅಂದರೆ, ಹೊರಗಿನವರು ಊರಿಗೇ ಗೂನಿನ ಹೆಸರಿಟ್ಟಿದ್ದರು. ಹೆಂಡದಂಗಡಿಗಳ ಗೋಡೆಯಲ್ಲಿ ಗೂನು ಆನಿಸಿ ಕೂಡಲು ಕುಳಿಗಳಿದ್ದವು ಎಂಬ ಮಾತೂ ಇದೆ. ಕೆನ್ ಅವರ ಅಜ್ಜನಿಗೂ ಗೂನಿತ್ತು. ಕುಳಿಯನ್ನು ತಾವು ಕಂಡಿಲ್ಲ, ಆದರೆ ಅಜ್ಜ ನೆಟ್ಟಗೆ ಮಲಗಿದ್ದನ್ನೂ ಕಂಡಿಲ್ಲ ಎಂದರು.

ನೋಡಲು ಬಂದವಳು ನಾನೊಬ್ಬಳೇ ಆದದ್ದರಿಂದ ಚಹಾ ಬಂತು, ಚಹಾದೊಂದಿಗೆ ಕಥೆಗಳು ಬಂದವು. ಇದೇ ಊರಿನ ಒಬ್ಬ ಮುದುಕ ಬೆಳ್ಳಿಯ ಸಣ್ಣ ನಾಣ್ಯದಷ್ಟೂ ತೂಕವಿಲ್ಲದ ಬೀಗ, ಚಾವಿ ಎರಡನ್ನೂ ಮಾಡಿದ್ದನಂತೆ. ಲಂಡನ್ನಿನ ಒಬ್ಬ ಬೀಗಗಾರ ತನ್ನ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗ ಇಟ್ಟು, ಚಾವಿಯಿಲ್ಲದೆ ತೆರೆದವರಿಗೆ ಬಹುಮಾನ ಎಂದು ಬರೆಸಿದ. ಅರವತ್ತು ವರ್ಷ ಯಾರಿಗೂ ಆಗಲಿಲ್ಲ. ಅವನು ಸತ್ತೂ ಬಹಳ ಕಾಲವಾಗಿತ್ತು. ಆಗ ದೊಡ್ಡ ವಸ್ತುಪ್ರದರ್ಶನಕ್ಕೆಂದು ಬಂದ ಅಮೆರಿಕದವನೊಬ್ಬ ದಿನಗಟ್ಟಲೆ ಕುಳಿತು ಅದನ್ನು ತೆರೆದೇಬಿಟ್ಟ. ಇನ್ನೊಬ್ಬ ಬೀಗಗಾರನ ಬೀಗ ಇನ್ನೂ ಜಾಣ. ಕಳ್ಳಚಾವಿ ಹಾಕಿದರೆ ಸೆಟೆದು ನಿಂತು, ಮನೆಯವರು ಬಂದಾಗ ಯಾರೋ ಕೈಹಾಕಿದ್ದರು ಎಂದು ಚಾಡಿ ಹೇಳುವಂಥದು. ಕೈದಿಗಳ ಹಡಗಿನಲ್ಲಿ ಒಬ್ಬ ಬೀಗಗಾರನಿದ್ದ, ಅದನ್ನು ತೆರೆದರೆ ನಿನಗೆ ಬಿಡುಗಡೆ ಎಂದು ಸರಕಾರ ಮಾತು ಕೊಟ್ಟಿತು. ಅವನು ತಿಂಗಳುಗಟ್ಟಲೆ ಕೆಣಕಿ, ಕೈಮುಗಿದು, ಕೈದಿಯಾಗಿಯೇ ಉಳಿದ.

ಫ್ರಾನ್ಸಿನ ತಲೆ ಕಳೆದುಕೊಂಡ ರಾಜನಿಗೂ ಬೀಗ ಮಾಡುವ ಹುಚ್ಚಿತ್ತಂತೆ. ರಾಜ್ಯ ಬಿಟ್ಟು ಬೀಗವನ್ನೇ ಹಿಡಿದಿದ್ದರೆ ಹಾಯಾಗಿ ಇರುತ್ತಿದ್ದ ಎಂದು ಕೆನ್ ಮರುಗಿದರು, ಸಂಬಂಧಿಕನೊಬ್ಬನ ಮಾತಾಡುವ ಹಾಗೆ.

ಗೋಡೆಯ ಮೇಲೆ ಈಜಿಪ್ಟಿನ ಕಟ್ಟಿಗೆಯ ಬೀಗದ ಮಾದರಿ ಇತ್ತು. ಕಟ್ಟಿಗೆಯ ಅಗಳಿ, ಮೇಲಿನಿಂದ ಅದರೊಳಕ್ಕೆ ಬೀಳುವ ಗೂಟಗಳು, ಗೂಟಗಳನ್ನು ಎತ್ತಲು ಹಲ್ಲಿನ ಚಾವಿ. ನನ್ನನ್ನು ಚಳಿಯಲ್ಲಿ ನಿಲ್ಲಿಸಿದ ಬಾಗಿಲಿನ ಬೀಗ ಇದರದೇ ಮರಿಮಗು, ಅಮೆರಿಕದ ತಂದೆ-ಮಗ ಇದನ್ನೇ ಸಣ್ಣದು ಮಾಡಿ ಲೋಕಕ್ಕೆಲ್ಲ ಹಂಚಿದರು ಎಂದರು. ಜಾಂಬೋಟಿಯ ಹತ್ತಿರದ ನಮ್ಮ ನೆಂಟರ ಮನೆಯಲ್ಲಿ ಇಂಥದೇ ಅಗಳಿ ಇದೆ, ಗೂಟ ಮಾತ್ರ ಇಲ್ಲ. ಗದ್ದೆಗೆ ಹೋಗುವಾಗ ಬಾಗಿಲಿಗೆ ಅಡ್ಡ ಒಂದು ಮುಳ್ಳಿನ ಟೊಂಗೆ ಇಡುತ್ತಾರೆ. ಮನೆಯಲ್ಲಿ ಯಾರೂ ಇಲ್ಲ ಎಂದು ಅದರ ಅರ್ಥ. ಇದನ್ನು ಹೇಳಿದಾಗ ಕೆನ್, ಕಳ್ಳನಿಗೂ ಅದೇ ಅರ್ಥ ಆಗುವುದಿಲ್ಲವೇ ಎಂದು ಕೇಳಿದರು. ನನಗೆ ಆವರೆಗೆ ಅದು ಹೊಳೆದಿರಲಿಲ್ಲ.

ಆಮೇಲೆ ಕೀಲಿ ಹೊರಗೆ ತೆಗೆದೆ. ಅವರು ಮಾತು ನಿಲ್ಲಿಸಿ, ಕನ್ನಡಕ ಬದಲಿಸಿ, ಸವೆದ ಅಕ್ಷರದ ಮೇಲೆ ಹೆಬ್ಬೆರಳು ಆಡಿಸಿದರು. ಇಲ್ಲಿ ನೋಡುವುದಷ್ಟೇ, ರಿಪೇರಿ ಮಾಡುವ ಹಾಗಿಲ್ಲ, ನಾಳೆ ನನ್ನ ಮನೆಯ ಶೆಡ್ಡಿಗೆ ಬಾ ಎಂದರು. ಬಾಗಿಲವರೆಗೆ ಬಂದು ಮತ್ತೆ ಕೇಳಿದರು: "ಬೀಗ ಯಾರದು?"

"ನನ್ನ ಅಜ್ಜಿಯದು."

"ಹಾಗಾದರೆ ನಾಳೆ ಅವರೂ ಇರಬೇಕು. ಮುಚ್ಚಿದ ಬೀಗವನ್ನು ಒಡೆಯರನ್ನು ಕೇಳದೆ ನಾನು ಮುಟ್ಟುವುದಿಲ್ಲ, ಬ್ಯಾಬ್."

ಕೆನ್ ಅವರ ಶೆಡ್ಡು, ನವೆಂಬರ್ 16

ಇಲ್ಲಿ ಬೆಳಗಿನ ಚಹಾ ಮುಗಿದ ಹೊತ್ತು, ಖಾನಾಪುರದಲ್ಲಿ ಸಂಜೆಯ ಚಹಾ ಶುರುವಾಗುವ ಹೊತ್ತು. ಫೋನನ್ನು ಒಂದು ಡಬ್ಬಿಗೆ ಆನಿಸಿ ನಿಲ್ಲಿಸಿದೆ. ಪರದೆಯಲ್ಲಿ ಮೊದಲು ಅಜ್ಜಿಯ ಹಣೆ ಮಾತ್ರ ಬಂತು. ಕಾಕಿ ಹಿಂದಿನಿಂದ ಫೋನ್ ಸರಿಮಾಡಿದ ಮೇಲೆ ಮುಖವೂ ಬಂತು. ಮಧ್ಯದಲ್ಲಿ ನಾನು ದುಭಾಷಿ.

ಕೆನ್ ತೆರೆಯಲು ಅಪ್ಪಣೆ ಕೇಳಿದರು. ಅಜ್ಜಿ ಮೊದಲು ಅವರ ಊಟ ಆಯಿತೇ ಎಂದು ಕೇಳಿದಳು. ಆಮೇಲೆ ಇವರು ಕೀಲಿ ಮಾಡಿದವರ ಪೈಕಿಯೇ ಎಂದು ಕೇಳಿದಳು. ಅಜ್ಜ ಇಂಥವೇ ಬೀಗಗಳಿಗೆ ಅರ ಹಾಕುತ್ತಿದ್ದ, ಇದೇ ಬೀಗ ಎಂದು ಮಾತ್ರ ಹೇಳಲಾರೆ ಎಂದು ಕೆನ್ ಹೇಳಿದರು. ಅಜ್ಜಿಗೆ ಅಷ್ಟು ಸಾಕಾಯಿತು. "ಭಾಳ ಚಲೋ ಮಾಡ್ಯಾರಂತ ಹೇಳವಾ. ಒಡೀಬ್ಯಾಡ ಅನ್ನು, ಮತ್ತೇನ ಮಾಡಿದ್ರೂ ನಡೀತೈತಿ."

ಕೆನ್ ಕೊಯ್ಯಲಿಲ್ಲ, ಕೊರೆಯಲಿಲ್ಲ. ಕೀಲಿಯನ್ನು ಸೀಮೆಎಣ್ಣೆ ವಾಸನೆಯ ದ್ರವದಲ್ಲಿ ಮುಳುಗಿಸಿ ಇಟ್ಟು, ಕುಂದಾದ ಡಬ್ಬಿ ತೆರೆದರು. ಒಂದು ಚಮಚ ತಿಂದು ಇನ್ನೊಂದು ಚಮಚ ತಿಂದರು. ನಡುವೆ ಒಂದು ಹಳೆಯ ಬೀಗದ ಹೊಟ್ಟೆ ತೋರಿಸಿದರು. ಒಳಗೆ ಎಲೆಯಂಥ ತೆಳು ಪಟ್ಟಿಗಳು. ಚಾವಿಯ ಪ್ರತಿ ಹಲ್ಲೂ ಒಂದೊಂದು ಪಟ್ಟಿಯನ್ನು ಅದರದರ ಎತ್ತರಕ್ಕೇ ಎತ್ತಬೇಕು, ಕೂದಲೆಳೆ ಹೆಚ್ಚೂ ಅಲ್ಲ, ಕಡಿಮೆಯೂ ಅಲ್ಲ. ನಮ್ಮ ಕೀಲಿಯಲ್ಲಿ ಈ ಪಟ್ಟಿಗಳ ಸ್ಪ್ರಿಂಗ್ ಮುರಿದಿದ್ದರೆ ಕಷ್ಟ ಎಂದರು. ಅಲ್ಲಿ ಕಾಕಿ ಅಜ್ಜಿಯ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದಳು. ಒಲೆಯ ಮೇಲೆ ಏನೋ ಸೀಯುತ್ತಿದೆ ಎಂದು ಕಾಕಾ ಕೂಗಿದರೂ ಕದಲಲಿಲ್ಲ.

ನಂತರ ಕೆನ್ ಸಪೂರ ತಂತಿಯ ಕೊಕ್ಕೆಯನ್ನು ಚಾವಿಯ ಕಿಂಡಿಗೆ ಹಾಕಿ ಮೆಲ್ಲಗೆ ಎಳೆದರು. ಬಿಳಿ ಅರಿವೆಯ ಮೇಲೆ ಅಂಟಾದ ಒಂದು ತುಣುಕು ಬಿತ್ತು. ಮತ್ತೊಂದು. ತುಕ್ಕಲ್ಲ. ಹಳದಿ, ಅಲ್ಲಲ್ಲಿ ಕೆಂಪು. ಅದರಲ್ಲಿ ಕಲ್ಲಿನಂತಾದ ಒಂದು ಅಕ್ಕಿಕಾಳು. ಅವರು ಮೂಸಿ ನೋಡಿ, ನಲವತ್ತು ವರ್ಷದ ಕೆಲಸದಲ್ಲಿ ಇಂಥದು ಕಂಡಿಲ್ಲ, ಇದೇನು ಎಂದು ನನ್ನನ್ನು ಕೇಳಿದರು.

ನನಗೆ ನೋಡಿದೊಡನೆ ಗೊತ್ತಾಯಿತು. ದಸರೆಯ ಖಂಡೇನವಮಿಗೆ ನಮ್ಮ ಮನೆಯಲ್ಲಿ ಕುಡಗೋಲು, ಕೊಡಲಿ, ಕೀಲಿ ಎಲ್ಲ ಪೂಜೆಗೆ ಕೂಡುತ್ತವೆ. ಕೀಲಿಗೆ ಶೇಂಗಾ ಎಣ್ಣೆ ಎರೆದು, ಅರಿಷಿಣ ಕುಂಕುಮ ಹಚ್ಚಿ, ಅಕ್ಷತೆ ಹಾಕುತ್ತಾರೆ. ಕಿಂಡಿ ಎಂದರೆ ಕೀಲಿಯ ಬಾಯಿ, ಬಾಯಿಗೇ ಹಚ್ಚಬೇಕೆಂದು ಅಜ್ಜಿ ಹೆಬ್ಬೆರಳನ್ನು ಅಲ್ಲೇ ಒತ್ತುತ್ತಿದ್ದಳು. ಅವಳ ಅತ್ತೆಯೂ ಹಾಗೇ ಒತ್ತುತ್ತಿದ್ದಳು. ವರ್ಷ ವರ್ಷದ ಎಣ್ಣೆ ಒಳಗೆ ಒಣಗಿ, ಅರಿಷಿಣ ಸೇರಿ, ಪಟ್ಟಿಗಳೆಲ್ಲ ಒಂದಕ್ಕೊಂದು ಅಂಟಿದ್ದವು. ಸ್ಪ್ರಿಂಗಿಗೆ ಏನೂ ಆಗಿರಲಿಲ್ಲ.

ಅಜ್ಜಿಗೆ ಇದನ್ನು ಹೇಗೆ ಹೇಳುವುದು? ಒಳಗಿನ ಎಣ್ಣೆ ಒಣಗಿದೆಯಂತೆ ಎಂದಷ್ಟೇ ಹೇಳಿದೆ. ಆದರೆ ಕಾಕಿ ಫೋನನ್ನು ಚೆನ್ನಾಗಿಯೇ ಹಿಡಿದಿದ್ದಳು. ಅಜ್ಜಿ ಅರಿವೆಯ ಮೇಲಿನ ಹಳದಿಯನ್ನು ಬಹಳ ಹೊತ್ತು ನೋಡಿದಳು.

"ಅದು ಅರಿಷಿಣ ಐತಿ," ಎಂದಳು. ಆಮೇಲೆ, "ನನ್ನ ಕೈಯಿಂದನ ಕೆಟ್ಟತೇನವಾ?" ಎಂದಳು.

ಕಾಕಿ ಏನಾದರೂ ಅನ್ನಬಹುದು ಎಂದುಕೊಂಡೆ. ಅನ್ನುವ ಹಕ್ಕೂ ಅವಳಿಗಿತ್ತು. ಅವಳು ಸೆರಗಿನ ತುದಿಯಿಂದ ಫೋನಿನ ಗಾಜು ಒರೆಸಿದಳು, ಅಷ್ಟೇ.

ಅವರು ಏನೆಂದರು ಎಂದು ಕೆನ್ ಕೇಳಿದರು. ಇದ್ದದ್ದನ್ನು ಇದ್ದಂತೆ ಹೇಳಿದೆ. ಅವರು ಕೀಲಿಯ ಅಂಚನ್ನು ಬೆಳಕಿಗೆ ಹಿಡಿದರು. ನಿಮ್ಮ ಊರಲ್ಲಿ ಮಳೆ ಹೇಗೆ ಎಂದು ಕೇಳಿದರು. ಬಿದ್ದರೆ ಬಟ್ಟೆ ಒಣಗುವುದಿಲ್ಲ, ಬಾಗಿಲು ಉಬ್ಬುತ್ತವೆ ಎಂದೆ. ಹಾಗಾದರೆ ಅಜ್ಜಿಗೆ ಹೇಳು ಎಂದರು: ಅಂಥ ಮಳೆಯಲ್ಲಿ ಎಣ್ಣೆ ಕಾಣದ ಕಬ್ಬಿಣ ಇಷ್ಟೊತ್ತಿಗೆ ತುಕ್ಕಿನ ಉಂಡೆಯಾಗಿರುತ್ತಿತ್ತು, ತೆರೆಯಲು ಏನೂ ಉಳಿದಿರುತ್ತಿರಲಿಲ್ಲ. ಅಂಟನ್ನು ನಾನು ತೆಗೆಯಬಲ್ಲೆ, ತುಕ್ಕು ತಿಂದದ್ದನ್ನು ತಿರುಗಿ ತರಲಾರೆ.

ಹೇಳಿದೆ. ಅಜ್ಜಿ ತಲೆಯಾಡಿಸಿದಳು, ಒಪ್ಪಿದಳೋ ಇಲ್ಲವೋ ತಿಳಿಯಲಿಲ್ಲ.

ಇನ್ನೊಂದು ಸಂಗತಿ ಆಗ ಹೊರಬಿತ್ತು. ಕಿಂಡಿಯ ಪಕ್ಕದಲ್ಲಿ ಹಿತ್ತಾಳೆಯ ಎಲೆಯಂಥದೊಂದು ಇತ್ತು. ಅದನ್ನು ನಾವೆಲ್ಲ ಅಲಂಕಾರ ಎಂದುಕೊಂಡಿದ್ದೆವು. ತೊಳೆದ ಮೇಲೆ ಅದು ತಾನಾಗಿ ತಿರುಗಿ ಕಿಂಡಿಯ ಮೇಲೆ ಬಂದು ಕುಳಿತಿತು. ಧೂಳು, ನೀರು ಒಳಗೆ ಹೋಗದಂತೆ ಮಾಡಿದ ಮುಚ್ಚಳ. ಅದೂ ಅರಿಷಿಣದಲ್ಲಿ ಅಂಟಿ ಪಕ್ಕಕ್ಕೆ ನಿಂತುಬಿಟ್ಟಿತ್ತು. ಕೆನ್ ಅದನ್ನು ಬೆರಳಲ್ಲಿ ತೆರೆದು, ಮುಚ್ಚಿ, ತೆರೆದು ತೋರಿಸಿದರು. ಪೂಜೆ ಬಿಡಬೇಕಾಗಿಲ್ಲ, ಇದನ್ನು ಮುಚ್ಚಿ ಮಾಡಲಿ. ಒಳಗೆ ಎಣ್ಣೆ ಬೇಡ, ಪೆನ್ಸಿಲ್ಲಿನ ಸೀಸದ ಪುಡಿ ಸಾಕು ಎಂದರು.

ಚಾವಿಯನ್ನು ಅವರು ತಿರುಗಿಸಲಿಲ್ಲ. ನನ್ನ ಕೈಗೆ ಕೊಟ್ಟರು. ತಿರುವಿದೆ. ಮೊದಲು ಒಂದು ತಡೆ, ಆಮೇಲೆ ಮೆತ್ತಗಿನ ಒಂದು ಟಕ್. ಕೊಂಡಿ ಜಿಗಿಯಿತು, ನಾಲ್ಕು ವರ್ಷದಿಂದ ಹಿಡಿದುಕೊಂಡಿದ್ದ ಖಾನಾಪುರದ ಚಿಲಕದ ತುಂಡು ವಿಲನ್‌ಹಾಲಿನ ಕಟ್ಟೆಯ ಮೇಲೆ ಠಣ್ ಎಂದು ಬಿತ್ತು. ಫೋನಿನಲ್ಲಿ ಮೊದಲು ನಕ್ಕಿದ್ದು ಕಾಕಿ.

ಕೆನ್ ದುಡ್ಡು ಮುಟ್ಟಲಿಲ್ಲ. ಚಿಲಕದ ತುಂಡು ಇರಲಿ ಎಂದು ಇಟ್ಟುಕೊಂಡು, ಒಂದು ದಪ್ಪ ಪೆನ್ಸಿಲ್ ಕೊಟ್ಟರು. ತವರಿನಿಂದಲೂ ಬರಿಗೈಯಲ್ಲಿ ಕಳಿಸುವುದಿಲ್ಲ ಎಂದು ನಾನು ವಿವರಿಸಲು ಹೋಗಲಿಲ್ಲ.

ಇವತ್ತಿನ ಲೆಕ್ಕ: ಕುಂದಾದ ಡಬ್ಬಿಯಲ್ಲಿ ಉಳಿದದ್ದು, ಏನೂ ಇಲ್ಲ.

ಖಾನಾಪುರ, ಡಿಸೆಂಬರ್ 1

ನಿನ್ನೆ ಮಹೇಶನ ಮದುವೆಯಾಯಿತು. ಇವತ್ತು ಬೆಳಿಗ್ಗೆ ಅಕ್ಕಿ ಕೋಣೆಯ ಮುಂದೆ ಮನೆಯವರೆಲ್ಲ ನಿಂತಿದ್ದೆವು. ಬಾಗಿಲಿಗೆ ಹೊಸ ಚಿಲಕ, ಚಿಲಕದಲ್ಲಿ ಹಳೆಯ ಕೀಲಿ. ಹೊಸ ಸೊಸೆ ಅಶ್ವಿನಿ ಅರಿಷಿಣ ಕುಂಕುಮದ ತಾಟು ಹಿಡಿದಿದ್ದಳು. ಗೊಂಚಲು ಕೊಡುವ ಮೊದಲು ಕೀಲಿಗೆ ಕುಂಕುಮ ಹಚ್ಚಬೇಕು, ಅದೇ ಕ್ರಮ.

ಅಜ್ಜಿ ಹೆಬ್ಬೆರಳನ್ನು ತಾಟಿಗೆ ಅದ್ದಿದಳು. ಬೆರಳು ಹಳೆಯ ಗುರುತಿನಿಂದ ನೆಟ್ಟಗೆ ಕಿಂಡಿಯ ಕಡೆಗೇ ಹೋಯಿತು. ನಾನು ಬಾಯಿ ತೆರೆದೆ, ಅಪ್ಪ ನನ್ನ ಮೊಣಕೈ ಹಿಡಿದರು. ಅಜ್ಜಿಯ ಬೆರಳು ನಡುವೆಯೇ ನಿಂತಿತು. ಅವಳು ಪಕ್ಕಕ್ಕೆ ಸರಿದು, ಕಾಕಿಗೆ ಜಾಗ ಬಿಟ್ಟಳು.

"ನೀ ಹಚ್ಚು ಶಾರದಾ. ನನ್ನ ಕೈಗೆ ರೂಢಿ ಬಿಡೂದಿಲ್ಲ."

ಕಾಕಿ ಕಿರುಬೆರಳಿನಿಂದ ಹಿತ್ತಾಳೆಯ ಎಲೆಯನ್ನು ಸರಿಸಿ ಕಿಂಡಿ ಮುಚ್ಚಿದಳು. ಅದರ ಮೇಲೆ ಅರಿಷಿಣ ಹಚ್ಚಿ, ಕುಂಕುಮ ಇಟ್ಟು, ನಾಲ್ಕು ಅಕ್ಷತೆ ಹಾಕಿದಳು. ಅಕ್ಷತೆ ಜಾರಿ ನೆಲಕ್ಕೆ ಬಿತ್ತು. ಅಶ್ವಿನಿ ಕುತ್ತಿಗೆ ಚಾಚಿ ನೋಡುತ್ತಿದ್ದಳು. ಅಜ್ಜಿ ಸೊಂಟದಿಂದ ಗೊಂಚಲು ಬಿಚ್ಚಿ ಕಾಕಿಯ ಕೈಯಲ್ಲಿಟ್ಟಳು. ಕಾಕಿ ದೊಡ್ಡ ಚಾವಿ ಹಿಡಿದು ಬಾಗಿಲ ಕಡೆಗೆ ತಿರುಗಿದಳು, ಮತ್ತೆ ಹಿಂದಕ್ಕೆ ತಿರುಗಿದಳು.

"ಅತ್ತಿ, ಅಕ್ಕಿ ತಗೀಲೇನ್ರಿ?"

ಕಾಕಾ ಎಲ್ಲರಿಗಿಂತ ಜೋರಾಗಿ ನಕ್ಕರು. ಅಜ್ಜಿ ಮಾತ್ರ ನಗಲಿಲ್ಲ. "ನನ್ನ ಯಾಕ ಕೇಳ್ತಿ?" ಎಂದು ಹೇಳಿ, ಪಡಸಾಲೆಗೆ ಹೋಗಿ ಕುಳಿತಳು. ಸಂಜೆಯವರೆಗೂ ಅವಳ ಕೈ ಆಗಾಗ ಸೊಂಟಕ್ಕೆ ಹೋಗಿ, ಏನೂ ಸಿಗದೆ, ಮಡಿಲಿಗೆ ವಾಪಸು ಬರುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ ಅಜ್ಜಿ, ಶಾರದಾ, ಚಾವಿ ಕೊಡವಾ, ಒಂದೀಟ ಶೇಂಗಾ ಬೇಕಾಗಿತ್ತು ಎಂದು ಕರೆದಳು. ಕಾಕಿ ಚಾವಿ ಕೊಡಲಿಲ್ಲ. ತಾನೇ ಎದ್ದು ಒಳಗೆ ಹೋದಳು. ಕೀಲಿ ಟಕ್ ಎಂದು ಬಿಟ್ಟದ್ದು ಪಡಸಾಲೆಗೂ ಕೇಳಿತು. ಅಜ್ಜಿ ಆ ಸದ್ದಿಗೆ ಕಿವಿಗೊಟ್ಟು, ಕೀಲಿ ಮತ್ತೆ ಬೀಳುವವರೆಗೂ ಹಾಗೇ ಕುಳಿತಿದ್ದಳು. ಆಮೇಲೆ ಸೆರಗು ಒಡ್ಡಿದಳು. ಕಾಕಿ ಅದರಲ್ಲಿ ಶೇಂಗಾ ಸುರಿದಳು, ಕೇಳಿದ್ದಕ್ಕಿಂತ ಒಂದು ಬೊಗಸೆ ಹೆಚ್ಚೇ.